ಯಾರೂ ಹೋಗದ ತೋಪು

ಹೇಳಿದವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಧಿಕಾರಿಗಳು ಮೋಸ ಮಾಡಿದರು, ದನದ ದಣಿಗಳು ಮೋಸ ಮಾಡಿದರು ಅಂತ ನಮ್ಮವರು ಈಗ ಹೇಳುತ್ತಾರೆ. ಮಾಡಿದರು. ಮಾಡದೆ ಬಿಡುತ್ತಾರೆಯೇ? ನೂರು ವರ್ಷದಿಂದ ಅವರು ಮಾಡಿಕೊಂಡು ಬಂದ ಕಸುಬೇ ಅದು. ಆದರೆ ಬಾಯಿ ಬಿಟ್ಟವಳು ನಾನು.

ನನ್ನ ಹೆಸರು ಎಡ್ನಾ ಟ್ರಿಗ್. ಟ್ರಿಗ್ ನಮ್ಮ ಮನೆತನದ ಹೆಸರಲ್ಲ, ನಮ್ಮ ತೊರೆಯನ್ನು ಬೇಲಿಯೊಳಕ್ಕೆ ಹಾಕಿಕೊಂಡ ದಣಿಯ ಹೆಸರು. ನನ್ನ ತಾತ ಅವನ ಕುದುರೆ ಲಾಯದಲ್ಲಿ ಕೆಲಸಕ್ಕೆ ನಿಂತ. ನಾವು ಶೋಶೋನಿ ಜನ, ಬಿಳಿಯರ ಬಾಯಲ್ಲಿ ಇಂಡಿಯನ್ನರು. ಹಾಜರಿ ಬರೆಯುವವನಿಗೆ ನಮ್ಮ ಹೆಸರು ನಾಲಗೆಗೆ ಹತ್ತಲಿಲ್ಲ. ಟ್ರಿಗ್‌ನ ಜಾನ್ ಅಂತ ಬರೆದುಕೊಂಡ. ಕರುವಿಗೆ ಬರೆ ಹಾಕಿದ ಹಾಗೆ ಆ ಹೆಸರು ನಮ್ಮ ಮೇಲೆ ಬಿತ್ತು. ಈಗಿನ ದಣಿ ಕ್ಲೈಡ್ ಟ್ರಿಗ್ ಎದುರು ಸಿಕ್ಕಾಗೆಲ್ಲ ಹಲ್ಲು ಕಿರಿಯುತ್ತಾನೆ. "ನಾವು ನೀವು ನೆಂಟರಲ್ವೇನೇ ಎಡ್ನಾ?" ಅನ್ನುತ್ತಾನೆ. ನಾನೂ ನಗುತ್ತಿದ್ದೆ. ಇಷ್ಟು ವರ್ಷ ನಕ್ಕೆನಲ್ಲ ಅಂತ ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ನನಗೆ ಇಂಗ್ಲಿಷ್ ಬರುತ್ತದೆ. ತಾಪತ್ರಯವೆಲ್ಲ ಅದರಿಂದಲೇ. ಆರು ವರ್ಷದವಳಿದ್ದಾಗ ಹಿಡಿದುಕೊಂಡು ಹೋಗಿ ಸರ್ಕಾರಿ ಶಾಲೆಗೆ ತಳ್ಳಿದರು. ಕೂದಲು ಕತ್ತರಿಸಿದರು. ನಮ್ಮ ಮಾತು ಆಡಿದರೆ ಬಾಯಿಗೆ ಸೋಪು ತಿಕ್ಕಿದರು. ಅಲ್ಲೊಂದು ಪುಸ್ತಕ ಇತ್ತು. ನೆವಾಡಾ ರಾಜ್ಯದ ಚರಿತ್ರೆ, ಭೂಗೋಳ ಎರಡೂ ಅದರಲ್ಲೇ. ಮೊದಲ ಪಾಠದಲ್ಲಿ ನೆಲ ಖಾಲಿ ಇತ್ತು. ಎರಡನೇ ಪಾಠದಲ್ಲಿ ಬೆಳ್ಳಿ ಸಿಕ್ಕಿತು. ಮೂರನೆಯದರಲ್ಲಿ ರೈಲು ಬಂತು. ನಾವು ಒಂದೇ ಒಂದು ಚಿತ್ರದಲ್ಲಿದ್ದೆವು, ರೈಲಿನ ಪಕ್ಕ ಕಂಬಳಿ ಹೊದ್ದು ನಿಂತಿದ್ದೆವು. ನಮ್ಮ ಹಿರಿಯರು ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದದ ಮಾತು ಎಲ್ಲೂ ಇರಲಿಲ್ಲ. ದಾರಿ ಬಿಡುತ್ತೇವೆ, ಜಗಳ ಬೇಡ ಅಂತ ಅದರಲ್ಲಿ ಗುರುತು ಹಾಕಿದ್ದರು. ನೆಲ ಕೊಟ್ಟೆವು ಅಂತ ಹಾಕಿರಲಿಲ್ಲ. ಈ ರಾಜ್ಯದ ಬಹುಪಾಲು ನದಿಗಳು ಸಮುದ್ರ ಸೇರದೆ ಮರಳಲ್ಲೇ ಇಂಗುತ್ತವೆ ಅಂತ ಬಾಯಿಪಾಠ ಮಾಡಿಸಿದರು. ತಪ್ಪಿದರೆ ಏಟು. ಯಾವ ಬೆಟ್ಟದ ಪಿನ್ಯನ್ ಯಾವ ವರ್ಷ ಕಾಯಿ ಕೊಡುತ್ತದೆ ಅನ್ನುವುದು ಆ ಭೂಗೋಳದಲ್ಲಿ ಇರಲಿಲ್ಲ. ಅದು ಗೊತ್ತಿದ್ದವಳು ನನ್ನ ಅಜ್ಜಿ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ.

ಪಿನ್ಯನ್ ಅಂದರೆ ಕುಳ್ಳು ಪೈನ್ ಮರ. ಅದರ ಕಾಯಿಯೊಳಗಿನ ಬೀಜವೇ ನಮಗೆ ಚಳಿಗಾಲದ ಊಟ. ಉದ್ದ ಗಳ ಹಿಡಿದು ಕತ್ತೆತ್ತಿ ಕಾಯಿ ಬಡಿಯಬೇಕು. ಸಂಜೆಗೆ ಕತ್ತು ಇಳಿಸಲು ಬರುವುದಿಲ್ಲ. ಗೋಣಿಚೀಲ ತುಂಬಿ ಬೆನ್ನ ಮೇಲೆ ಹೊತ್ತು ಇಳಿಯಬೇಕು. ಅಂಟು ಕೈಗೆ ಹತ್ತಿ ಕರ್ರಗೆ ಕೂತುಬಿಡುತ್ತದೆ, ಹಂದಿಕೊಬ್ಬು ಹಚ್ಚಿ ತಿಕ್ಕಿದರೂ ಹದಿನೈದು ದಿನ ಬಿಡುವುದಿಲ್ಲ. ಗುಂಡಿ ತೋಡಿ, ಕೆಂಡ ಸುರಿದು ಕಾಯಿ ಸುಡಬೇಕು. ಬೀಜ ಬಿಡಿಸಿ ಹುರಿದು, ಕಲ್ಲಿನಲ್ಲಿ ಅರೆದು ಅಂಬಲಿ ಕಾಯಿಸಬೇಕು. ಇದನ್ನು ಬಿಳಿಯರು ಕಾಡಲ್ಲಿ ಅಲೆಯುವುದು ಅನ್ನುತ್ತಾರೆ. ಕೆಲಸ ಅನ್ನುವುದಿಲ್ಲ.

ಒಂದು ತೋಪು ಕಾಯಿ ಕೊಟ್ಟ ವರ್ಷ ಇನ್ನೊಂದು ಸುಮ್ಮನಿರುತ್ತದೆ. ಪಿಂದೆ ಅಂದರೆ ಎಳೆಗಾಯಿ. ಅದು ಕಂಡ ದಿನದಿಂದ ಕಾಯಿ ಬಲಿಯಲು ಒಂದು ಚಳಿಗಾಲ ದಾಟಬೇಕು. ಅಲ್ಲಿಯ ತನಕ ಆ ತೋಪಿಗೆ ನಾವು ಕಾಲಿಡುವುದಿಲ್ಲ. ಸೌದೆ ಆರಿಸುವುದಿಲ್ಲ, ಮೊಲ ಅಟ್ಟುವುದಿಲ್ಲ, ಕೂಗುವುದಿಲ್ಲ. "ಬಸುರಿ ಮಲಗವ್ಳೆ, ಬಾಗಿಲು ಬಡೀಬ್ಯಾಡ್ರಿ," ಅನ್ನುತ್ತಾಳೆ ಅಜ್ಜಿ. ಇದನ್ನು ನಮ್ಮಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ. ನಡೆಯಲು ಕಲಿತ ಮಗುವಿಗೂ ಗೊತ್ತಿರುತ್ತದೆ.

ಬಿಳಿಬಂಡೆಯ ಇಳಿಜಾರಿನ ಮೇಲಿನ ತೋಪು ನಮ್ಮದು, ನಮ್ಮ ಅಜ್ಜಿಯರದ್ದು. ಬೆಳ್ಳಿ ಕರಗಿಸುವ ಕುಲುಮೆಗೆ ಇದ್ದಿಲು ಬೇಕಾದಾಗ ಸುತ್ತಲಿನ ಬೆಟ್ಟಗಳನ್ನೆಲ್ಲ ಬೋಳಿಸಿದರು. ಅಲ್ಲೆಲ್ಲ ಈಗಿರುವುದು ಆಮೇಲೆ ಬೆಳೆದ ಮರ. ಆಗಿನ ಕುದುರೆಗಾಡಿ ಹತ್ತುವುದಿಲ್ಲ ಅಂತ ಇದೊಂದು ಹಾಗೇ ಉಳಿಯಿತು.

ಹೋದ ಸೆಪ್ಟೆಂಬರ್‌ನಲ್ಲಿ ನಾವು ಕೆಳಗಿನ ತೋಪಿನಲ್ಲಿ ಕಾಯಿ ಬಡಿಯುತ್ತಿದ್ದೆವು. ಸರ್ಕಾರದ ಜಮೀನು ಕಚೇರಿಯ ಪ್ರೆಸ್ಕಟ್ ಅನ್ನುವವನು ಜೀಪಿನಲ್ಲಿ ಬಂದ. ಎಳೇ ವಯಸ್ಸು, ಸಭ್ಯ. ಟೋಪಿ ತೆಗೆದು ಮಾತಾಡಿದ. ಅಜ್ಜಿ ಕೊಟ್ಟ ಅಂಬಲಿಯನ್ನು ಮೂಗು ಮುರಿಯದೆ ಕುಡಿದ. ಅಷ್ಟಕ್ಕೇ ನಾನು ಕರಗಿಹೋದೆ.

"ಇಲ್ಲಿ ನೀವು ಕಾಯಿ ಕೀಳ್ತೀರಿ, ಕಣ್ಣಾರೆ ನೋಡ್ದೆ. ಅಲ್ಲಿ, ಮೇಲೆ?" ಅಂತ ಬಿಳಿಬಂಡೆಯ ಕಡೆ ಕೈ ತೋರಿಸಿದ.

ಅಜ್ಜಿಯನ್ನು ಕೇಳಿದೆ.

"ಈ ವರ್ಸ ಅಲ್ಲಿಗೆ ಯಾರೂ ಹೋಗಕಿಲ್ಲ ಅನ್ನು. ಅವನೂ ಹೋಗಬ್ಯಾಡ ಅಂತ ಹೇಳು," ಅಂದಳು.

ನಮ್ಮಲ್ಲಿಗೆ ಬಂದವನಿಗೆ ಅಲ್ಲಿಗೆ ಹೋಗಬೇಡ ಅನ್ನುವುದೇ? ಅಷ್ಟು ಚೆನ್ನಾಗಿ ಅಂಬಲಿ ಕುಡಿದಿದ್ದಾನೆ. ಎರಡನೇ ಮಾತು ನುಂಗಿಕೊಂಡೆ. "ಅಲ್ಲಿಗೆ ಯಾರೂ ಹೋಗಲ್ಲ ಸಾರ್," ಅಂದೆ. ಯಾಕೆ ಅಂತ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಬರೆದುಕೊಂಡ. ನನ್ನ ಹೆಸರಿನ ಕಾಗುಣಿತ ಕೇಳಿ ಸರಿಯಾಗಿ ಬರೆದುಕೊಂಡ.

ರಾಜ್ಯಕ್ಕೆ ಈ ವರ್ಷ ನೂರು ತುಂಬುತ್ತದೆ. ಬೇಸಿಗೆಗೇ ಪಟ್ಟಣದ ಬೀದಿಯಲ್ಲೆಲ್ಲ ಬಾವುಟ. ನನಗೂ ತಮ್ಮ ಲೆಸ್ಟರ್‌ಗೂ ಒಂದೇ ಕಡೆ ಕೆಲಸ ಸಿಕ್ಕಿತು. ಮರ ಎಳೆಯುವ ಕೆಲಸ. ಉಕ್ಕಿನ ಪಟ್ಟಿಯ ಮೇಲೆ ಉರುಳುವ ಎರಡು ಟ್ರ್ಯಾಕ್ಟರ್, ನಡುವೆ ಹಡಗಿನ ಲಂಗರಿನ ಸರಪಳಿ. ಒಂದೊಂದು ಕೊಂಡಿ ಒಬ್ಬ ಗಂಡಸು ಎತ್ತಲಾರದಷ್ಟು ಭಾರ. ಎರಡೂ ಟ್ರ್ಯಾಕ್ಟರ್ ಅಕ್ಕಪಕ್ಕ ಸಮನಾಗಿ ನಡೆದರೆ ನಡುವಿನ ಕಾಡೆಲ್ಲ ಬೇರುಸಮೇತ ಮಲಗುತ್ತದೆ. ಆಮೇಲೆ ಹುಲ್ಲಿನ ಬೀಜ ಎರಚುತ್ತಾರೆ, ದಣಿಗಳ ದನಕ್ಕೆ. ಒಂದು ಟ್ರ್ಯಾಕ್ಟರ್ ಲೆಸ್ಟರ್ ಓಡಿಸುತ್ತಿದ್ದ, ಇನ್ನೊಂದು ಓರಿನ್ ಅನ್ನುವ ಬಿಳಿಯ. ನಾನು ಹನ್ನೊಂದು ಗಂಡಸರಿಗೆ ಅಡುಗೆ. ಬೆಳಗಿನ ಜಾವ ಎದ್ದು ಬೀನ್ಸು ಬೇಯಿಸು, ಹಂದಿಮಾಂಸ ಹುರಿ, ಕಾಫಿ ಕಾಯಿಸು. ಅವರು ಮೇಜಿನ ಮೇಲೆ ಉಣ್ಣುತ್ತಿದ್ದರು. ನಾನು ಮತ್ತು ಲೆಸ್ಟರ್ ಲಾರಿಯ ಹಿಂದೆ, ನೆಲದ ಮೇಲೆ.

"ಕಿವೀಲಿ ಹತ್ತಿ ಇಟ್ಕಂಡ್ರೂ ಆಗಲ್ಲ ಕಣಕ್ಕ," ಅನ್ನುತ್ತಿದ್ದ ಲೆಸ್ಟರ್. "ಬೇರು ಕಿತ್ತು ಬರೋ ಸದ್ದು ಸೀಟಿಂದ ಬೆನ್ನಿಗೆ ಹತ್ತುತ್ತೆ."

"ಉಣ್ಣು ಸುಮ್ನೆ. ನಮ್ಮ ಬೆಟ್ಟ ಅಲ್ವಲ್ಲ," ಅನ್ನುತ್ತಿದ್ದೆ ನಾನು.

ಥೂ ನನ್ನ ಬಾಯಿಗಿಷ್ಟು. ಅದು ಇನ್ನೊಬ್ಬರ ಅಜ್ಜಿಯ ಬೆಟ್ಟ ಅಂತ ಗೊತ್ತಿತ್ತು. ಗೊತ್ತಿದ್ದೂ ರೊಟ್ಟಿ ಬೇಯಿಸಿದೆ.

ಜೂನ್‌ನಲ್ಲಿ ಒಂದು ಸೋಮವಾರ ಬೆಳಗ್ಗೆ ಮೇಸ್ತ್ರಿ ಡೋಲನ್ ನನ್ನ ಅಡುಗೆ ಮೇಜಿನ ಮೇಲೆ ನಕ್ಷೆ ಹರಡಿದ. ಜೊತೆಗೆ ಪ್ರೆಸ್ಕಟ್ ಇದ್ದ. ಗಾಳಿಗೆ ಹಾರದಿರಲಿ ಅಂತ ನಾನೇ ಕಾಫಿ ಪಾತ್ರೆ ಒಂದು ಮೂಲೆಗೆ ಇಟ್ಟೆ. ಇಟ್ಟಾಗ ಕಣ್ಣಿಗೆ ಬಿತ್ತು. ಬಿಳಿಬಂಡೆಯ ಇಳಿಜಾರಿಗೆ ಹಳದಿ ಬಣ್ಣ ಬಳಿದಿತ್ತು. ಗುರುವಾರ ಅಂತ ಗುರುತು. ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿತ್ತು: ಉಪಯೋಗದಲ್ಲಿಲ್ಲ. ಮಾಹಿತಿ ಕೊಟ್ಟವರು, ಎಡ್ನಾ ಟ್ರಿಗ್, ಇಂಡಿಯನ್ ಹೆಂಗಸು.

ಕೈಯಲ್ಲಿದ್ದ ಸೌಟಿನಿಂದಲೇ ಆ ಹಳದಿ ತೋರಿಸಿದೆ.

"ಇದು ತಪ್ಪು," ಅಂದೆ. "ಇದು ನಮ್ಮ ತೋಪು. ಈ ಸಲ ಕಾಯಿ ಬಲಿಯೋದೇ ಅಲ್ಲಿ."

"ಏ ಮಹಾರಾಣಿ, ಬೀನ್ಸ್ ಸೀಯ್ತಾ ಇದೆ ನೋಡು," ಅಂದ ಡೋಲನ್. ಎಲ್ಲ ನಕ್ಕರು.

ಪ್ರೆಸ್ಕಟ್ ನಗಲಿಲ್ಲ. "ಯಾರೂ ಹೋಗಲ್ಲ ಅಂತ ನೀವೇ ಹೇಳಿದ್ರಿ ಎಡ್ನಾ. ನಾನು ಹೇಳಿದ್ದನ್ನೇ ಬರ್ದಿದೀನಿ."

"ಹೋಗಲ್ಲ ಅಂದ್ರೆ ಬೇಡ ಅಂತ ಅಲ್ಲ ಸಾರ್. ಪಿಂದೆ ಕಟ್ಟಿರುವಾಗ ಹೋಗಬಾರ್ದು. ಅದಕ್ಕೇ ಹೋಗಲ್ಲ."

ಅವನು ಪೆನ್ಸಿಲ್ಲಿನ ಹಿಂದಿನಿಂದ ಹಣೆ ಕೆರೆದುಕೊಂಡ. "ನನ್ನ ಕಾಗದದಲ್ಲಿ ಎರಡೇ ಚೌಕ ಇರೋದು. ಉಪಯೋಗದಲ್ಲಿದೆ, ಉಪಯೋಗದಲ್ಲಿಲ್ಲ." ಆಮೇಲೆ ದನಿ ತಗ್ಗಿಸಿ, "ಒಂದು ಕೆಲ್ಸ ಮಾಡೋಣ. ಬುಧವಾರ ಅಜ್ಜಿನ ಕರ್ಕೊಂಡು ಅಲ್ಲಿಗೆ ಬನ್ನಿ. ಗಳ ತನ್ನಿ. ನಾಕು ಕೊಂಬೆ ಬಡೀರಿ. ನಾನು ಫೋಟೋ ತೆಗೆದು ಫೈಲಿಗೆ ಹಾಕ್ತೀನಿ. ಸರಪಳಿ ತೋಪು ಬಿಟ್ಟು ಸುತ್ತಿ ಹೋಗುತ್ತೆ. ಮಾತು ಕೊಡ್ತೀನಿ," ಅಂದ.

ಒಳ್ಳೆಯವನು. ಅವನ ಒಳ್ಳೆಯತನಕ್ಕೆ ಬೆಂಕಿ ಬೀಳಲಿ.

ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು. ಪಾತ್ರೆ ತೊಳೆದದ್ದನ್ನೇ ತೊಳೆದೆ. ನಾಲ್ಕು ಕೊಂಬೆ ತಾನೇ? ಬಿದ್ದರೆ ಏನು ಮಹಾ ಬಿದ್ದೀತು, ಅಡಿಕೆಗಿಂತ ಕೊಂಚ ದೊಡ್ಡ ಹಸಿರು ಕಾಯಿ. ಇನ್ನೂರು ಮುನ್ನೂರು ಮರ ಉಳಿಯುತ್ತವಲ್ಲ. ಹೀಗೆ ನನಗೆ ನಾನೇ ಹೇಳಿಕೊಂಡೆ. ಅಜ್ಜಿಗೆ ಹೇಳುವಾಗ ಮಾತ್ರ ಮುಖ ನೋಡಲಾಗಲಿಲ್ಲ. ಸೆಪ್ಟೆಂಬರ್‌ನಲ್ಲಿ ನುಂಗಿದ ಮಾತನ್ನೂ ಸೇರಿಸಿ ಎಲ್ಲ ಹೇಳಿದೆ.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಡಿ, ಹೋಗಿ ನೋಡಾನ," ಅಂದಳು.

ಬುಧವಾರ ಮಧ್ಯಾಹ್ನ ತೋಪಿನ ಅಂಚಿಗೆ ಹೋದೆವು. ಪ್ರೆಸ್ಕಟ್ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಕಾಯುತ್ತಿದ್ದ. ಅವನ ಜೊತೆ ಕ್ಲೈಡ್ ಟ್ರಿಗ್ ಕೂಡ ಬಂದಿದ್ದ, ಬೇಲಿ ಹಾಕುವ ಜಾಗ ನೋಡಲು. ಜೀಪಿಗೆ ಒರಗಿ ನಿಂತು ಹಲ್ಲು ಚುಚ್ಚಿಕೊಳ್ಳುತ್ತಿದ್ದ. ಕೊಂಬೆ ಕೊಂಬೆಯಲ್ಲೂ ಕಾಯಿ. ಅಂಥ ಫಲ ನಾನು ಹುಟ್ಟಿದಾಗಿನಿಂದ ಎರಡು ಸಲ ನೋಡಿದ್ದೇನೆ ಅಷ್ಟೆ. ನಾನು ಗಳ ಹಿಡಿದು ಅಂಚಿನ ಮರದ ಹತ್ತಿರ ಹೋದೆ. ಮೇಲೆತ್ತಿದೆ.

"ಹಾಂ, ಹಾಗೇ. ಅಜ್ಜಿ ಸ್ವಲ್ಪ ಪಕ್ಕಕ್ಕೆ ಬರ್ಲಿ," ಅಂದ ಪ್ರೆಸ್ಕಟ್.

"ತಲೆಗೊಂದು ಗರಿ ಸಿಕ್ಕಿಸ್ಕೊಳ್ಳೇ, ಫೋಟೋ ಚೆನ್ನಾಗಿ ಬರುತ್ತೆ," ಅಂದ ಟ್ರಿಗ್.

ಗಳ ಮೇಲೆತ್ತಿದ್ದು ಮೇಲೇ ಇತ್ತು. ಸಾವಿರ ಸಲ ಬಡಿದ ಕೈ ಇದು. ಬಡಿಯಲು ಬರಲಿಲ್ಲ. ತಿರುಗಿ ನೋಡಿದೆ. ಅಜ್ಜಿ ಮರದ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದಳು.

"ಬಡದ್ರೆ ಉಳೀತದೆ, ಬಡೀದಿದ್ರೆ ಹೋಯ್ತದೆ ಅಂತಾನಾ ಅವನು?" ಅಂದಳು.

"ಹೌದಜ್ಜಿ."

"ನಮ್ದು ಅಂತ ತೋರ್ಸಕ್ಕೆ ನಾವೇ ಬಸುರಿ ಹೊಟ್ಟೆಗೆ ಒದೀಬೇಕು."

ನಾನು ಗಳ ಕೆಳಗಿಳಿಸಿದೆ. ಪ್ರೆಸ್ಕಟ್ ಹತ್ತಿರ ಹೋದೆ. ಅಷ್ಟು ಹತ್ತಿರ ಅವನ ಮುಖ ಯಾವತ್ತೂ ನೋಡಿರಲಿಲ್ಲ.

"ನಿಮ್ಮ ಚರ್ಚು ಸೋಮವಾರ ಖಾಲಿ ಇರುತ್ತಲ್ಲ?" ಅಂದೆ.

"ಏನು?"

"ಸೋಮವಾರ. ಯಾರೂ ಹೋಗಲ್ಲ. ಬೀಗ ಹಾಕಿರುತ್ತೆ. ಉಪಯೋಗದಲ್ಲಿಲ್ಲ ಅಂತ ಬರ್ಕೊಳ್ಳಿ. ಲೆಸ್ಟರ್‌ಗೆ ಹೇಳ್ತೀನಿ, ಸರಪಳಿ ತರ್ತಾನೆ."

ಅವನ ಕಿವಿ ಕೆಂಪಾಯಿತು. ಟ್ರಿಗ್ ಹಲ್ಲುಕಡ್ಡಿ ಉಗಿದು, "ಹುಷಾರು ಕಣೇ ಎಡ್ನಾ," ಅಂದ. ಮೊದಲ ಸಲ ನಾನು ಅವನ ಮಾತಿಗೆ ನಗಲಿಲ್ಲ. ಗಳ ಹೆಗಲ ಮೇಲಿಟ್ಟುಕೊಂಡು ಅಜ್ಜಿಯ ಹಿಂದೆ ಇಳಿದುಬಂದೆ. ಇಳಿಯುವಾಗ ಧೈರ್ಯವೂ ಇಳಿಯಿತು. ಅಯ್ಯೋ, ಒಂದು ಕೊಂಬೆ ಬಡಿದಿದ್ದರೆ ತೋಪು ಉಳಿಯುತ್ತಿತ್ತೇನೋ ಅಂತ ಎರಡು ಸಲ ತಿರುಗಿ ನೋಡಿದೆ.

ಗುರುವಾರ ಸರಪಳಿ ಬಂತು. ಬಿಳಿಬಂಡೆಯ ಬುಡದಲ್ಲಿ ಓರಿನ್ ಎಡಕ್ಕೆ, ಲೆಸ್ಟರ್ ಬಲಕ್ಕೆ ನಿಂತರು. ನಾನು ಮಧ್ಯಾಹ್ನದ ಬುತ್ತಿ ಹಿಡಿದು ಲಾರಿಯ ಹತ್ತಿರ ಇದ್ದೆ. ಲೆಸ್ಟರ್‌ಗೆ ನಾನು ಏನೂ ಹೇಳಿರಲಿಲ್ಲ. ಹೇಗೆ ಹೇಳಲಿ? ಅವನಿಗೆ ಮೂರು ಮಕ್ಕಳು. ಈ ಕೆಲಸ ಹೋದರೆ ಈ ಸುತ್ತಿನಲ್ಲಿ ಯಾವ ದಣಿಯೂ ಅವನನ್ನು ಹಟ್ಟಿಗೆ ಸೇರಿಸುವುದಿಲ್ಲ.

ಡೋಲನ್ ಟೋಪಿ ಬೀಸಿದ. ಓರಿನ್ ಹೊರಟ. ಲೆಸ್ಟರ್ ಹೊರಡಲಿಲ್ಲ. ಸರಪಳಿ ಒಂದು ಕಡೆ ಬಿಗಿದು, ಕಿರ್ರೆಂದು, ಮಣ್ಣಿನಲ್ಲಿ ಸಿಕ್ಕಿಕೊಂಡಿತು. ಎರಡರಲ್ಲಿ ಒಂದು ನಿಂತರೆ ಸರಪಳಿ ಸತ್ತ ಹಾವು. ಲೆಸ್ಟರ್ ಇಂಜಿನ್ ಆರಿಸಿದ. ಕಿವಿಯಿಂದ ಹತ್ತಿ ತೆಗೆದ. ಇಳಿದ.

ಡೋಲನ್ ಓಡಿಬಂದ. "ಏನೋ, ಕೆಟ್ಟೋಯ್ತಾ?"

"ಇಲ್ಲ. ಮಿಷನ್ನು ಚೆನ್ನಾಗೈತೆ."

"ಮತ್ತೇನೋ ರೋಗ? ಹತ್ತೋ ಮೇಲೆ!"

"ಅಲ್ಲಿಗೆ ಈ ವರ್ಷ ಯಾರೂ ಹೋಗಲ್ಲ," ಅಂದ ಲೆಸ್ಟರ್.

ಡೋಲನ್ ಅವನ ಎದೆಗೆ ಕೈ ಹಾಕಿ ನೂಕಿದ. ಲೆಸ್ಟರ್ ಬಿದ್ದ, ಎದ್ದ. ಮತ್ತೆ ನೂಕಿದ. ಮತ್ತೆ ಎದ್ದ. ನನ್ನ ಕೈಯಲ್ಲಿದ್ದ ಬುತ್ತಿಯನ್ನೆಲ್ಲ ನೆಲಕ್ಕೆ ಸುರಿದೆ. ಹನ್ನೊಂದು ಗಂಡಸರ ಊಟ. "ಬೇಯಿಸ್ಕಳಿ ನಿಮ್ಮಪ್ಪನ ಮನೇದು," ಅಂದೆ. ನಮ್ಮ ಮಾತಿನಲ್ಲೇ ಅಂದೆ. ಅರ್ಥವಾಗಿರಬೇಕು.

ಹೊಸ ಡ್ರೈವರ್ ಬರಲು ಶನಿವಾರ ಆಗುತ್ತದೆ ಅಂತ ಓರಿನ್ ಬಾಯಿಂದಲೇ ತಿಳಿಯಿತು. ಶುಕ್ರವಾರವಿಡೀ ಲೆಸ್ಟರ್ ನಮ್ಮ ಮುರುಕು ಪಿಕಪ್ ಗಾಡಿ ಓಡಿಸಿದ. ದಣಿಗಳ ಹಟ್ಟಿಗಳಲ್ಲಿ, ಪಟ್ಟಣದಾಚೆಯ ನಮ್ಮ ಕೇರಿಗಳಲ್ಲಿ ಬಾಗಿಲು ಬಾಗಿಲಿಗೂ ಹೋಗಿ ಜನರನ್ನು ಕರೆದ. ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬ ಮುದುಕ, "ನಮ್ಮ ಬೆಟ್ಟ ಎಳೀವಾಗ ನಿಮ್ಮಕ್ಕ ಏನ್ ಮಾಡ್ತಿದ್ಲು, ಕಾಫಿ ಕಾಯಿಸ್ತಿದ್ಲಾ?" ಅಂತ ಕೇಳಿದನಂತೆ. ಮಾರನೆಯ ದಿನ ಅವನೂ ಬಂದ. ನನ್ನ ಪಕ್ಕದಲ್ಲೇ ಬಂದು ಕೂತ, ಮುಖ ನೋಡದೆ.

ಶನಿವಾರ ಬೆಳಗ್ಗೆ ಮೂವತ್ತೊಂದು ಜನ ಇದ್ದೆವು. ತೋಪಿನೊಳಗೆ ಒಬ್ಬರೂ ಹೋಗಲಿಲ್ಲ. ಬಲಗಡೆಯ ಟ್ರ್ಯಾಕ್ಟರ್ ಹತ್ತಬೇಕಾದ ಜಾಗದಲ್ಲಿ, ಮರಗಳ ಹೊರಗೆ, ಬಿಸಿಲಿನ ಕಲ್ಲಿನ ಮೇಲೆ ಸಾಲಾಗಿ ಕೂತೆವು. ಹತ್ತು ಹೆಜ್ಜೆ ಹಿಂದೆ ನೆರಳಿತ್ತು. ಮಕ್ಕಳು ಕೂಡ ನೆರಳಿಗೆ ಹೋಗಲಿಲ್ಲ. ಎಲ್ಲರ ಮುಂದೆ ಅಜ್ಜಿ. ಅವಳ ಪಕ್ಕ ಲೆಸ್ಟರ್, ಮೊಣಕೈ ಕೆತ್ತಿಹೋಗಿತ್ತು.

ಹೊಸ ಡ್ರೈವರ್ ನಮ್ಮನ್ನು ನೋಡಿ ಇಂಜಿನ್ ಓಡುತ್ತಿದ್ದ ಹಾಗೇ ಬಿಟ್ಟು ಸಿಗರೇಟು ಹಚ್ಚಿದ. ಹೊಗೆ ನಮ್ಮ ಮುಖಕ್ಕೆ ಬಡಿಯುತ್ತಿತ್ತು. ಶೆರಿಫ್, ಜಿಲ್ಲೆಯ ಪೊಲೀಸ್ ಮುಖ್ಯಸ್ಥ, ಬಂದ. ಜೊತೆಗೆ ಇಬ್ಬರು ಪೊಲೀಸರು. ದೂರದಲ್ಲಿ ಟ್ರಿಗ್, ಡೋಲನ್, ಪ್ರೆಸ್ಕಟ್. ಪ್ರೆಸ್ಕಟ್ ಬೂಟು ನೋಡಿಕೊಳ್ಳುತ್ತಿದ್ದ.

ಶೆರಿಫ್ ಸಾಲಿನ ಉದ್ದಕ್ಕೂ ನಡೆದ. ಗಂಡಸರನ್ನು ಬಿಟ್ಟು ನನ್ನ ಮುಂದೆ ನಿಂತ. ಅವನಿಗೂ ಗೊತ್ತು, ಈ ಕಣಿವೆಯಲ್ಲಿ ಅವರ ಮಾತು ನಮಗೆ ಮುಟ್ಟಿಸುವ ಬಾಯಿ ನನ್ನದು ಅಂತ. ಜನಗಣತಿಗೆ ನಾನು, ಸೂಜಿಮದ್ದಿಗೆ ನಾನು, ಮಕ್ಕಳನ್ನು ಶಾಲೆಗೆ ಎಳೆದುಕೊಂಡು ಹೋಗುವಾಗ ತಾಯಂದಿರಿಗೆ ಏನೂ ಆಗಲ್ಲ ಅಳಬೇಡಿ ಅಂದವಳೂ ನಾನು.

"ಎಡ್ನಾ," ಅಂದ, "ನೀನು ತಿಳುವಳಿಕೆ ಇರೋಳು. ಮುದುಕಿಗೆ ಹೇಳು, ಎದ್ದು ದಾರಿ ಬಿಡ್ಲಿ ಅಂತ. ಅವಳು ಎದ್ರೆ ಎಲ್ಲ ಏಳ್ತಾರೆ."

ನಾನು ಎದ್ದು ನಿಂತೆ. ಅಭ್ಯಾಸ. ಬಿಳಿಯ ಅಧಿಕಾರಿ ಮಾತಾಡಿದರೆ ಎದ್ದು ನಿಲ್ಲುವುದು ಶಾಲೆಯಲ್ಲಿ ಹೊಡೆದು ಕಲಿಸಿದ್ದು. ಎದ್ದಾಗ ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆ ಮುದುಕನೂ ಈಗ ಮುಖ ನೋಡಿದ.

"ಹೇಳು," ಅಂದ ಶೆರಿಫ್.

"ಹೇಳಲ್ಲ," ಅಂದೆ.

"ಏನು?"

"ಹೇಳಲ್ಲ. ಹೇಳಿದ್ದು ಸಾಕು."

ಅವನಿಗೆ ಇದು ಹೊಸದು. ಬಗ್ಗಿ ಅಜ್ಜಿಯ ಕಿವಿಯ ಹತ್ತಿರ ತಾನೇ ಇಂಗ್ಲಿಷಿನಲ್ಲಿ ಕಿರುಚಿದ, ಕಿವುಡಿಗೆ ಕಿರುಚುವ ಹಾಗೆ. ಅಜ್ಜಿ ಕಣ್ಣು ಮಿಟುಕಿಸಲಿಲ್ಲ. ಮತ್ತೆ ಕಿರುಚಿದ. ಕತ್ತಿನ ನರ ಉಬ್ಬಿತು. ಕಂಕುಳಿಗೆ ಕೈ ಹಾಕಿ ಎತ್ತಲು ಹೋದ. ಹಿಡಿ ಮೂಳೆಯ ಮುದುಕಿ, ನೆಲಕ್ಕೆ ಇಳಿಬಿದ್ದು ಗುಂಡುಕಲ್ಲಾದಳು. ಅವನ ಟೋಪಿ ಉರುಳಿತು. ಯಾರೋ ಮಗು ಕಿಸಕ್ಕನೆ ನಕ್ಕಿತು.

ಅವನು ನೆಟ್ಟಗಾಗಿ ಸಾಲನ್ನು ನೋಡಿದ, ತನ್ನ ಇಬ್ಬರು ಪೊಲೀಸರನ್ನು ನೋಡಿದ. ಮೂವತ್ತೊಂದು ಜನ.

ನಾನು ಅವನ ಮತ್ತು ಅಜ್ಜಿಯ ನಡುವೆ ಬಂದು ನೆಲದ ಮೇಲೆ ಕೂತೆ. ಕಾಲು ಚಾಚಿ ಕೂತೆ.

"ಒಬ್ಬೊಬ್ಬರನ್ನೇ ಎತ್ತಬೇಕು," ಅಂದೆ. "ನನ್ನಿಂದ ಶುರು ಮಾಡಿ."